ಹೆಸರು ಹೇಳಿದವಳು

ರಾಚವ್ವ ಗಂಡನ ಹೆಸರು ಹೇಳಿ ಗಂಡನನ್ನು ತಿಂದವಳು ಎಂಬ ಮಾತು ತಿಕೋಟಾದ ಕಡೆ ಇವತ್ತಿಗೂ ಇದೆ. ಎಂಟು ವರ್ಷವಾಯಿತು, ಆ ಮಾತಿಗೆ ಇನ್ನೂ ಸಾವು ಬಂದಿಲ್ಲ. 1965ರಲ್ಲಿ ಯುದ್ಧ ನಡೆದಾಗ ಸುತ್ತಲಿನ ಊರುಗಳ ಸಿಪಾಯಿಗಳ ಹೆಂಡಂದಿರು ಮೊದಲು ಹೋಗಿ ಕೂತದ್ದು ರಾಚವ್ವನ ಮನೆಯ ಕಟ್ಟೆಯ ಮೇಲೆ. ಕೂತೆದ್ದು ಬಂದವರಲ್ಲೇ ಕೆಲವರು ಬೆನ್ನ ಹಿಂದೆ ಇದೇ ಮಾತು ಆಡಿದ್ದಾರೆ. ಮೊನ್ನೆ ಸ್ಟೇಷನ್ ರಸ್ತೆಯ ನಮ್ಮ ಅಂಗಡಿಗೆ ಕುಪ್ಪಸದ ಕಣ ಕೊಳ್ಳಲು ಬಂದ ಹೆಂಗಸೊಬ್ಬಳು ನಗುನಗುತ್ತ ಅದನ್ನೇ ಹೇಳಿದಳು. ನಾನು ಕೈಯಲ್ಲಿದ್ದ ಕಣ ಮಡಚಿಟ್ಟು, "ನಮ್ಮಲ್ಲೆ ನಿನಗ ಅರಿವಿ ಇಲ್ಲ, ಬ್ಯಾರೆ ಅಂಗಡಿ ನೋಡ್ಕೋ" ಎಂದು ಕಳಿಸಿಬಿಟ್ಟೆ. ಅಪ್ಪನಿಗೆ ಸಿಟ್ಟು ಬಂತು. ಬರಲಿ. ರಾಚವ್ವ ಏನು ಮಾಡಿದಳು, ಯಾಕೆ ಮಾಡಿದಳು ಎಂಬುದನ್ನು ಕಣ್ಣಾರೆ ಕಂಡವಳು ನಾನು. ಈಗಲೂ ಬಾಯಿ ಮುಚ್ಚಿಕೊಂಡು ಕೂತರೆ ನಾನೂ ಆ ಜನರ ಪಂಕ್ತಿಯಲ್ಲಿ ಕೂತ ಹಾಗೆ.

ನನ್ನ ಹೆಸರು ಗೌರಾಬಾಯಿ. ಇಪ್ಪತ್ತಾರನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ವಿಜಾಪುರದ ತವರುಮನೆಗೆ ಬಂದವಳು. ಏಳನೆಯ ಇಯತ್ತೆ ಪಾಸಾಗಿದ್ದೆನಾದ್ದರಿಂದ ಅಂಗಡಿಗೆ ಬರುವ ಟಪಾಲು ಓದುವ ಕೆಲಸ ನನಗೆ ಬಿತ್ತು. ನನ್ನ ತಮ್ಮ ಗುರುಪಾದಯ್ಯನಿಗೆ ಬಟ್ಟೆ ಅಳೆಯುವುದು ಬೇಸರವಾಗಿ, ಮನೆಯಲ್ಲಿ ಹೇಳದೆ ಕೇಳದೆ ಮುಂಬಯಿಗೆ ಓಡಿಹೋಗಿ ನೌಕಾದಳ ಸೇರಿದ. ಭೂತನಾಳ ಕೆರೆಯೇ ದೊಡ್ಡ ನೀರು ಎಂದುಕೊಂಡಿದ್ದ ಮನೆತನ ನಮ್ಮದು. 1959ರಲ್ಲಿ ವಿಲಾಯತಿಯಲ್ಲಿ ಸಜ್ಜಾಗುತ್ತಿದ್ದ ಹಡಗೊಂದನ್ನು ತರಲು ಸರಕಾರ ನೂರಾರು ಜನರನ್ನು ಅಲ್ಲಿಗೆ ಕಳಿಸಿತು. ಒಂದೂವರೆ ವರ್ಷ ಅವರು ಅಲ್ಲೇ ಇರಬೇಕಿತ್ತು. ಅವರಲ್ಲಿ ನಾಲ್ವರು ನಮ್ಮ ಕಡೆಯವರು: ನನ್ನ ತಮ್ಮ, ಗೋಳಗುಮ್ಮಟದ ಹತ್ತಿರ ಬಳೆ ಮಾರುವ ಮಾಶಾಬಿಯ ಗಂಡ ಸೈಫುದ್ದೀನ, ತಿಕೋಟಾದ ಗೊಲ್ಲಾಳಪ್ಪ, ಬಬಲೇಶ್ವರದ ತುಕಾರಾಮ.

ವಿಲಾಯತಿಗೆ ಹೋದವರ ಮನೆಯವರು ತಮ್ಮ ಹೆಸರು, ವಿಳಾಸ ಬರೆಸಬೇಕೆಂದು ವಿಜಾಪುರದ ಕಚೇರಿಯೊಂದರಿಂದ ಕರೆ ಬಂದಿತ್ತು. ಅಲ್ಲಿಯೇ ನಾನು ರಾಚವ್ವನನ್ನು ಮೊದಲು ನೋಡಿದ್ದು. ಕಳ್ಳಕವಟಗಿಯ ಕುರಿ ಕಾಯುವವರ ಮಗಳು, ಎತ್ತರದ ಆಳು, ಬಯಲಲ್ಲಿ ಕೂಗಿ ರೂಢಿಯಾದ ದನಿ. ಅಂಥವಳು ಕಾರಕೂನನ ಮೇಜಿನ ಮುಂದೆ ತಲೆ ತಗ್ಗಿಸಿ ನಿಂತಿದ್ದಳು.

"ಗಂಡನ ಹೆಸರು?" ಎಂದ ಕಾರಕೂನ.

"ನಮ್ಮ ಮನಿಯವರ್ರಿ."

"ಮನಿಯವರು ಅಂತ ಬರಕೊಳ್ಳಾಕ ಬರ್ತೈತೇನ? ಹೆಸರು ಹೇಳವಾ."

"ಅದನ್ನ ಹೆಂಗ ಹೇಳೂದ್ರಿ ಯಪ್ಪಾ?"

"ಹಂಗಾದ್ರ ನೆನಪ ಮಾಡ್ಕೊಂಡು ಮುಂದಿನ ವಾರ ಬಾ" ಎಂದು ಅವನು ಪಕ್ಕದವನಿಗೆ ಕಣ್ಣು ಮಿಟುಕಿಸಿದ.

ಅವಳು ಬಂದದ್ದು ಅದು ಮೂರನೆಯ ಸಲ. ಹೆಂಡತಿ ಗಂಡನ ಹೆಸರನ್ನು ಬಾಯಲ್ಲಿ ತಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎನ್ನುತ್ತಾರೆ ನಮ್ಮ ಕಡೆ. ಮದುವೆಯಲ್ಲಿ ಒಡಪು ಕಟ್ಟಿ, ಪದ್ಯದ ನಡುವೆ ಅಡಗಿಸಿ ಒಮ್ಮೆ ಹೇಳಿಸುತ್ತಾರೆ, ಅಲ್ಲಿಗೆ ಮುಗಿಯಿತು. ಆ ಕಾರಕೂನನ ಹೆಂಡತಿಯೂ ಅವನ ಹೆಸರು ಹೇಳುವವಳಲ್ಲ, ಬೇಕಾದರೆ ಪಣ ಕಟ್ಟುತ್ತೇನೆ. ಆದರೂ ಅವನಿಗೆ ನಗು. ನನಗೆ ಮೈ ಉರಿಯಿತು. ರಾಚವ್ವನ ಕೈಯಲ್ಲಿದ್ದ ಲಕೋಟೆಯ ಹಿಂಬದಿ ನೋಡಿ, "ಗೊಲ್ಲಾಳಪ್ಪ ಅಂತ ಬರಕೋರಿ. ತಿಕೋಟಾ. ಬರೀಲಿಕ್ಕೆ ಬರ್ತದಲ್ಲ ನಿಮಗ?" ಎಂದೆ.

ಅವಳ ಹಿಂದೆ ಹತ್ತೊಂಬತ್ತರ ಹುಡುಗಿ ಬೋರವ್ವ ಅದೇ ಸಂಕಟದಲ್ಲಿ ನಿಂತಿದ್ದಳು. ಅವಳ ಕೈಯಲ್ಲೂ ಒಂದು ಕಾಗದ. ನಾನು ಮೆಲ್ಲಗೆ ಓದಿದ್ದನ್ನು ರಾಚವ್ವ ಕೇಳಿಸಿಕೊಂಡು, ಈಗ ತನ್ನ ಬಯಲಿನ ದನಿಯಲ್ಲಿ ಕೂಗಿದಳು. "ತುಕಾರಾಮ! ಬಬಲೇಶ್ವರ! ಈಕಿ ಗಂಡನ ಹೆಸರ ನಾ ಹೇಳಿದ್ರ ಯಾರಿಗೂ ಏನೂ ಆಗೂದಿಲ್ಲಲ್ಲ? ಬರಕೋರಿ!"

ಮಾಶಾಬಿಯೂ ಅವತ್ತು ಹೆಸರು ಬರೆಸಲು ಬಂದಿದ್ದಳು. ಹೊರಗೆ ಬೇವಿನ ಮರದ ಕೆಳಗೆ ನಾವು ನಾಲ್ವರೂ ಕೂತೆವು. ಮಾಶಾಬಿ ಎಲೆ ಅಡಿಕೆ ತೆಗೆದಳು. ರಾಚವ್ವ ಬೋರವ್ವನ ಕೈ ಹಿಡಿದು, "ನಿನ್ನ ಗಂಡನ ಹೆಸರ ನನ್ನ ಕಡೆ ಇರ್ಲಿ ಬೇ, ನನ್ನ ಗಂಡನ ಹೆಸರ ನಿನ್ನ ಕಡೆ ಇರ್ಲಿ. ಬೇಕಾದಲ್ಲೆ ತಗದು ಕೊಡೂಣು" ಎಂದಳು. ಮುಂದೆ ವಿಜಾಪುರದ ಕಚೇರಿ, ದವಾಖಾನೆ, ಎಲ್ಲಿಯೇ ಆಗಲಿ, ಒಬ್ಬಳ ಗಂಡನ ಹೆಸರನ್ನು ಇನ್ನೊಬ್ಬಳು ಹೇಳಿದಳು.

ಪ್ರತಿ ಅಮಾವಾಸ್ಯೆಯ ಮರುದಿನ ನಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೇರುವುದೆಂದಾಯಿತು. ಬಂದ ಕಾಗದಗಳನ್ನೆಲ್ಲ ನಾನು ಗಟ್ಟಿಯಾಗಿ ಓದುತ್ತಿದ್ದೆ. ನಮ್ಮ ಗುರುಪಾದಯ್ಯ ಚಳಿಯ ವಿಷಯ ಬಿಟ್ಟು ಬೇರೇನೂ ಬರೆಯಲಿಲ್ಲ. ಸೈಫುದ್ದೀನನದು ಅಲ್ಲಿಯ ಸಪ್ಪೆ ಊಟದ ಗೋಳು. ತುಕಾರಾಮ ತನ್ನ ಅಣ್ಣ ಧೂಳಪ್ಪನ ಹೆಸರಿಗೆ ಬರೆಯುತ್ತಿದ್ದ. ಮನೆಯ ಹಿರಿಯನಿಗಲ್ಲದೆ ಹೆಂಡತಿಗೆ ಬರೆದರೆ ಊರು ನಗುತ್ತದಲ್ಲ. ಧೂಳಪ್ಪ ಅದನ್ನು ಯಾರಿಂದಲೋ ಓದಿಸಿ, "ಆರಾಮ ಅದಾನಂತ" ಎಂದು ಬೋರವ್ವನಿಗೆ ಒಂದು ಮಾತು ಎಸೆಯುತ್ತಿದ್ದ, ನಾಯಿಗೆ ರೊಟ್ಟಿ ಎಸೆದ ಹಾಗೆ. ಹಾಗಾಗಿ ಅವಳ ಪಾಲಿನ ಸುದ್ದಿಯೆಲ್ಲ ಗೊಲ್ಲಾಳಪ್ಪನ ಕಾಗದದಲ್ಲಿ ಬರುತ್ತಿತ್ತು. ಅವನೂ ತುಕಾರಾಮನೂ ಹಡಗಿನಲ್ಲಿ ಒಂದೇ ಕಡೆ ಮಲಗುವವರು. ತುಕಾರಾಮ ಏನು ಉಂಡ, ಯಾವಾಗ ನಕ್ಕ, ಹೇಗೆ ಜಾರಿ ಬಿದ್ದ ಎಂದು ಗೊಲ್ಲಾಳಪ್ಪ ಸೊಗಸಾಗಿ ಬರೆಯುತ್ತಿದ್ದ. ಅವನೂ ತಾಯಿ ಮಾಳವ್ವನ ಹೆಸರಿಗೇ ಬರೆಯುವವನು. ಆದರೆ ಕೊನೆಗೆ "ಕರೀ ಕುರಿ ಹ್ಯಾಂಗದ?" ಎಂದು ತಪ್ಪದೆ ಕೇಳುತ್ತಿದ್ದ. ಅವರ ಹಟ್ಟಿಯಲ್ಲಿ ಕರೀ ಕುರಿಯೇ ಇರಲಿಲ್ಲ. ಆ ಸಾಲು ಬಂದಾಗ ರಾಚವ್ವ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುವಳು, ಮಾಶಾಬಿ ಅವಳ ತೊಡೆ ಚಿವುಟುವಳು.

ಬರೀ ಓದುವುದಲ್ಲ. ಮಾಶಾಬಿಯ ಕೂಸಿಗೆ ಮೈತುಂಬ ಗುಳ್ಳೆ ಎದ್ದಾಗ ರಾಚವ್ವ ಎಂಟು ದಿನ ಅವಳ ಮನೆಯಲ್ಲೇ ಉಳಿದಳು. ತಿಕೋಟಾದಲ್ಲಿ ಅತ್ತೆ ಗೊಣಗಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸಂಜೆಗೆ ಕುರಿ ಎಣಿಸಿ ಹಟ್ಟಿಗೆ ಬಿಡುವ ಮನೆಯಲ್ಲಿ ಬೆಳೆದವಳು, ನಮ್ಮನ್ನೂ ಹಾಗೆಯೇ ಎಣಿಸುತ್ತಿದ್ದಳು. 1960ರ ಬೇಸಿಗೆಯಲ್ಲಿ ಬೋರವ್ವ ಎರಡು ಅಮಾವಾಸ್ಯೆ ಬರಲಿಲ್ಲ. ಎರಡನೆಯ ಸಲ ರಾಚವ್ವ ಚಹಾ ಕುಡಿಯಲಿಲ್ಲ. "ಒಂದು ಕಮ್ಮಿ ಐತ್ರಿ ಅಕ್ಕಾರ" ಎನ್ನುತ್ತ ಬಾಗಿಲ ಕಡೆ ನೋಡುತ್ತಲೇ ಕೂತಳು.

ಅವತ್ತು ಓದಿದ ಗೊಲ್ಲಾಳಪ್ಪನ ಕಾಗದದಲ್ಲಿ ಬೋರವ್ವನಿಗೆ ಬೇಕಾದ ಸುದ್ದಿಯೇ ಇತ್ತು. ತುಕಾರಾಮನಿಗೆ ಎದೆಯ ಬೇನೆಯಾಗಿ ದವಾಖಾನೆಯಲ್ಲಿದ್ದಾನೆ, ಕೈಗೆ ಬಲವಿಲ್ಲ, ನರ್ಸಬಾಯಿಯಿಂದ ಮನೆಗೆ ಕಾಗದ ಬರೆಸಿದ್ದಾನೆ, ಉತ್ತರ ಬಂದಿಲ್ಲವೆಂದು ಕೊರಗುತ್ತಾನೆ, ಆದರೆ ಗುಣವಾಗುತ್ತಿದ್ದಾನೆ. ಇದನ್ನು ಹೇಳಬೇಕೆಂದು ರಾಚವ್ವ ಮರುದಿನ ಬೆಳಿಗ್ಗೆ ಬಬಲೇಶ್ವರದ ಮೋಟಾರು ಹತ್ತಿದಳು. ಧೂಳಪ್ಪನ ಅಂಗಳದಲ್ಲಿ ಬೋರವ್ವ ಜೋಳ ಹಸನು ಮಾಡುತ್ತಿದ್ದಳು. ಎರಡೂ ಕೈ ಬರಿದು. ಬಳೆ ಇಲ್ಲ, ಹಣೆಗೆ ಕುಂಕುಮ ಇಲ್ಲ.

ನಡೆದದ್ದನ್ನು ಬರೆಯುವಾಗ ಈಗಲೂ ಹಲ್ಲು ಕಡಿಯುತ್ತೇನೆ. ನರ್ಸಬಾಯಿ ಇಂಗ್ರಜಿಯಲ್ಲಿ ಬರೆದ ಕಾಗದ ಬಬಲೇಶ್ವರಕ್ಕೆ ಬಂದೇ ಇತ್ತು. ಅಲ್ಲಿ ಟಪಾಲು ಹಂಚುತ್ತಿದ್ದ ಮಹಾಶಯ ರಾಣಿಯ ಮುಖವಿದ್ದ ಅಂಚೆಯ ತಿಕೀಟಿಗೆ ಆಸೆಪಟ್ಟು, ಲಕೋಟೆಯ ಮೂಲೆಯನ್ನೇ ಹರಿದುಕೊಂಡು ಉಳಿದದ್ದನ್ನು ಧೂಳಪ್ಪನ ಕೈಗೆ ಕೊಟ್ಟ. ಸಾವಿನ ಸುದ್ದಿ ಬರೆದ ಕಾಗದಕ್ಕೆ ಮೂಲೆ ಹರಿದು ಕಳಿಸುವುದು ಅವರಲ್ಲಿ ಪದ್ಧತಿ. ಮೂಲೆ ಹರಿದದ್ದನ್ನು ನೋಡಿದ ಕೂಡಲೇ ಧೂಳಪ್ಪ ಲಬೋ ಎಂದು ಬಾಯಿ ಬಡಿದುಕೊಂಡ. ಅಂಥ ಕಾಗದವನ್ನು ಮನೆಯಲ್ಲಿ ಇಡಬಾರದೆಂದು ಚೂರು ಚೂರು ಮಾಡಿ ಹಳ್ಳಕ್ಕೆ ಎಸೆದರು. ಇಂಗ್ರಜಿ ಬಲ್ಲ ಒಬ್ಬ ಮಾಸ್ತರನಿಗಾದರೂ ತೋರಿಸೋಣ ಎನ್ನುವ ಬುದ್ಧಿ ಅಷ್ಟು ಜನರಲ್ಲಿ ಒಬ್ಬರಿಗೂ ಬರಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನ. ಊರ ಪಂಚರು ಬಂದು ನಿಂತರು, ಅವರ ಕಣ್ಣೆದುರಿಗೇ ಹತ್ತೊಂಬತ್ತರ ಹುಡುಗಿಯ ಬಳೆ ಒಡೆದರು.

ಅಷ್ಟಕ್ಕೇ ನಿಂತಿದ್ದರೆ ತಪ್ಪು ತಿಳಿವಳಿಕೆ ಎನ್ನಬಹುದಿತ್ತು. ಧೂಳಪ್ಪ ಅವಳಿಗೆ ಉಡಿಕಿ ನಿಶ್ಚಯಿಸಿದ. ವಿಧವೆಗೆ ಹೊಸ ಸೀರೆ ಉಡಿಸಿ ಇನ್ನೊಬ್ಬನಿಗೆ ಕೊಡುವುದಕ್ಕೆ ಉಡಿಕಿ ಎನ್ನುತ್ತಾರೆ. ಉಡಿಕಿ ಕೆಟ್ಟದ್ದೆಂದು ನಾನು ಹೇಳುವುದಿಲ್ಲ, ಅದರಿಂದ ಎಷ್ಟೋ ಹೆಣ್ಣುಮಕ್ಕಳು ಬದುಕಿದ್ದಾರೆ. ಆದರೆ ಗಂಡ ಬದುಕಿರುವವಳಿಗೆ? ಅದೂ ಧೂಳಪ್ಪನ ಹೆಂಡತಿಯ ಅಣ್ಣನಿಗೆ, ಐವತ್ತು ದಾಟಿದವನಿಗೆ! ಬೋರವ್ವ ಮನೆಯಿಂದ ಹೊರಟರೆ ತುಕಾರಾಮನ ಪಾಲಿನ ಹೊಲ ಧೂಳಪ್ಪನ ಹೊಲಕ್ಕೆ ಸೇರುತ್ತದೆ ಎಂಬುದನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ತುಕಾರಾಮ ಬದುಕಿದ್ದಾನೆ ಎಂದು ರಾಚವ್ವ ಅಂಗಳದಲ್ಲೇ ಕೂಗಿ ಹೇಳಿದಳು. "ನಾಳೆ ಪಂಚರು ಕೂಡ್ತಾರ, ಅಲ್ಲೆ ಬಂದು ಹೇಳು" ಎಂದು ಧೂಳಪ್ಪ ಬಾಗಿಲು ಹಾಕಿಕೊಂಡ.

ಮರುದಿನ ನಾನು, ರಾಚವ್ವ, ಮಾಶಾಬಿ ಮೂವರೂ ಹೋದೆವು. ಗುಡಿಯ ಕಟ್ಟೆಯ ಮೇಲೆ ಪಂಚರು ಕೂತಿದ್ದರು, ನಡುವೆ ಹಿರಿಯ ಬಸಗೊಂಡಪ್ಪ. ಒಂದು ಬದಿಗೆ ಉಡಿಕಿಯ ಹೊಸ ಸೀರೆ ಮಡಚಿ ಇಟ್ಟಿತ್ತು. ನಾನು ಕಾಗದ ಬಿಚ್ಚಿ, ತಿಕೋಟಾದ ಗೊಲ್ಲಾಳಪ್ಪ ಬರೆದದ್ದು ಎಂದು ಶುರು ಮಾಡಿದೆ. ಬಸಗೊಂಡಪ್ಪ ಕೈ ಎತ್ತಿ ತಡೆದ.

"ನಿಮ್ಮನ್ನ ಕೇಳಿಲ್ರಿ ಬಾಯಾರ. ಸ್ಟೇಷನ್ ರೋಡಿನ್ಯಾಗ ಕುಂತು ಬರದ ಕಾಗದನೂ ಇದ್ದೀತು. ಕಾಗದದ ಮನಿಯಾಕಿ ಹೇಳ್ಲಿ." ಅವನು ರಾಚವ್ವನ ಕಡೆ ತಿರುಗಿದ. "ಯಾರ ಹೇಂತಿ ನೀ? ಗಂಡನ ಹೆಸರೇನು? ಪಂಚರ ಮುಂದ ನಿನ್ನ ಬಾಯಿಲೇ ಹೇಳು. ಹೇಳಿದ್ರ ಕಾಗದ ಖರೇ, ಇಲ್ಲಂದ್ರ ಸುಳ್ಳು."

ಅವಳು ಹೇಳಲಾರಳು ಎಂದು ತಿಳಿದೇ ಅವನು ಕೇಳಿದ. ಬಳೆ ಒಡೆಸಿದ ಪಂಚರ ಮಾತು ತಪ್ಪು ಎಂದಾಗುವುದಕ್ಕಿಂತ, ಬದುಕಿದ್ದವನು ಸತ್ತ ಲೆಕ್ಕದಲ್ಲಿ ಹೋಗುವುದೇ ಅವನಿಗೆ ಸಮಾಧಾನ. ಬಿಳಿ ಮೀಸೆ, ಹಣೆ ತುಂಬ ವಿಭೂತಿ, ಮನಸ್ಸು ಮಾತ್ರ ಅಷ್ಟು ಹೊಲಸು. ಮೂಲೆಯಲ್ಲಿ ಕೂತ ಬೋರವ್ವ ನಮ್ಮ ಒಪ್ಪಂದದಂತೆ, "ನಾ ಹೇಳ್ತೀನ್ರೀ, ಆಕಿ ಗಂಡನ ಹೆಸರು..." ಎಂದು ಎದ್ದಳು. "ಕುಂದ್ರಲೇ, ನಿನಗ ಬಾಯಿಲ್ಲ" ಎಂದು ಧೂಳಪ್ಪ ಗದರಿದ.

ರಾಚವ್ವ ಬೋರವ್ವನ ಬರಿಗೈಗಳನ್ನು ನೋಡಿದಳು. ಆಮೇಲೆ ಹೇಳಿದಳು.

"ಗೊಲ್ಲಾಳಪ್ಪ. ತಿಕೋಟಾದ ಗೊಲ್ಲಾಳಪ್ಪ ನನ್ನ ಗಂಡ. ನಾ ಆತನ ಹೇಂತಿ ರಾಚವ್ವ. ಈ ಕಾಗದ ಆತಂದು. ತುಕಾರಾಮ ಜೀವಂತ ಅದಾನಂತ ಬರದಾನ. ಇನ್ನ ಕಿವಿ ಇದ್ರ ಕೇಳ್ರಿ."

ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡರು. ಬಸಗೊಂಡಪ್ಪ ಮುಖ ಆಚೆ ತಿರುಗಿಸಿದ. ನಾನು ಓದಿದೆ, ಎರಡು ಸಲ ಓದಿದೆ, ಎರಡನೆಯ ಸಲ ಬೇಕೆಂದೇ ಅವನ ಕಿವಿಯ ಹತ್ತಿರ ಹೋಗಿ ಓದಿದೆ. ಓದಿ ಮುಗಿಯುವ ಮೊದಲೇ ಮಾಶಾಬಿ ಬಳೆಯ ಗಂಟು ಬಿಚ್ಚಿ ಬೋರವ್ವನ ಮುಂದೆ ಕೂತು, ಯಾರ ಅಪ್ಪಣೆಯನ್ನೂ ಕೇಳದೆ ಎರಡೂ ಕೈಗೆ ಹಸಿರು ಬಳೆ ಏರಿಸಿದಳು. ಮಡಚಿಟ್ಟ ಸೀರೆಯನ್ನು ಧೂಳಪ್ಪ ಕಂಕುಳಲ್ಲಿ ಇಟ್ಟುಕೊಂಡು ಎದ್ದುಹೋದ.

ತಿರುಗಿ ಬರುವಾಗ ಮೋಟಾರಿನಲ್ಲಿ ರಾಚವ್ವ ನನ್ನ ಪಕ್ಕದಲ್ಲೇ ಕೂತಳು. ಗೋಳಗುಮ್ಮಟ ಕಾಣುವಾಗ ಒಮ್ಮೆ ಕೇಳಿದಳು, "ಅಕ್ಕಾರ, ಏನೂ ಆಗೂದಿಲ್ಲಲ್ರಿ?" ನಾನು, "ಏನೂ ಆಗೂದಿಲ್ಲ ಹುಚ್ಚೀ" ಎಂದೆ. ಅಷ್ಟು ಸಲೀಸಾಗಿ ಅಂದುಬಿಟ್ಟೆನಲ್ಲ ಎಂದು ಆಮೇಲೆ ಎಷ್ಟೋ ಸಲ ನೊಂದುಕೊಂಡಿದ್ದೇನೆ.

ಆ ವರ್ಷ ದೀಪಾವಳಿಯ ಹೊತ್ತಿಗೆ ತುಕಾರಾಮ ನೌಕರಿ ಬಿಟ್ಟು, ಬಡಕಲಾಗಿ, ಕೋಲು ಹಿಡಿದು ಮನೆಗೆ ಬಂದ. ಬಂದವನು ಮೊದಲು ಮಾಡಿದ ಕೆಲಸ ಅಣ್ಣನಿಂದ ಬೇರೆಯಾದದ್ದು. 1961ರ ಯುಗಾದಿಗೆ ಮೊದಲು ಹಡಗು ವಿಲಾಯತಿಯಿಂದ ಹೊರಟಿತು. ರಾಚವ್ವ ಮನೆಗೆ ಸುಣ್ಣ ಹೊಡೆದಳು. ಹಡಗು ಏಡನ್ ದಾಟಿದ ಮೇಲೆ ಬಾಯ್ಲರ್ ಕೋಣೆಯಲ್ಲಿ ಉಗಿಯ ಕೊಳವೆ ಒಡೆಯಿತು. ಒಳಗಿದ್ದ ಇಬ್ಬರಲ್ಲಿ ಒಬ್ಬ ಗೊಲ್ಲಾಳಪ್ಪ. ಅವನ ಹೆಣವನ್ನು ಸಮುದ್ರಕ್ಕೇ ಬಿಟ್ಟರಂತೆ. ಮನೆಗೆ ಬಂದದ್ದು ತಾರು ಒಂದೇ.

ಊರಿಗೆ ಉಪಕಾರ ಮಾಡಬೇಡ, ಹೆಣಕ್ಕೆ ಶೃಂಗಾರ ಮಾಡಬೇಡ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಬಬಲೇಶ್ವರದ ಸಂಗತಿ ತಿಕೋಟಾಕ್ಕೆ ಎಂದೋ ಬಂದಿತ್ತು. "ಪಂಚರ ಮುಂದ ನಿಂತು ಹೆಸರ ಹಿಡದು ಕರದ್ಲು, ನನ್ನ ಮಗನ್ನ ನುಂಗಿದ್ಲು" ಎಂದು ಮಾಳವ್ವ ಎದೆ ಬಡಿದುಕೊಂಡಳು. ಮಗ ಸತ್ತ ತಾಯಿಯ ಬಾಯಿಂದ ಏನು ಬಂದರೂ ಕ್ಷಮಿಸಬಹುದು. ಮಿಕ್ಕವರಿಗೇನಾಗಿತ್ತು? ರಾಚವ್ವನನ್ನು ಮನೆಯೊಳಗೆ ಬಿಡಲಿಲ್ಲ. ಗಂಡ ಸತ್ತ ಹೆಣ್ಣು ಹತ್ತು ದಿನ ಕುರಿಹಟ್ಟಿಯ ಮೂಲೆಯಲ್ಲಿ ಮಲಗಿದಳು. ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಅವಳನ್ನು ಕಳ್ಳಕವಟಗಿಗೆ ಸಾಗಿಸುವುದು, ಈ ಮನೆಯ ಹೊಸ್ತಿಲು ಅವಳಿಗೆ ಇನ್ನಿಲ್ಲ ಎಂದು ಗೊಲ್ಲಾಳಪ್ಪನ ಕಾಕಾ ಗುರಣ್ಣ ತೀರ್ಮಾನಿಸಿದ.

ಆ ದಿನ ನಾವೆಲ್ಲ ಹೋದೆವು. ತುಕಾರಾಮ, ಬೋರವ್ವ ಬಬಲೇಶ್ವರದಿಂದ ಬಂದಿದ್ದರು. ಅಂಗಳ ತುಂಬ ಜನ. ರಾಚವ್ವ ಹಟ್ಟಿಯ ಬಾಗಿಲಲ್ಲಿ ಒಣಗಿದ ಕಣ್ಣು ಬಿಟ್ಟುಕೊಂಡು ನಿಂತಿದ್ದಳು, ಕೈಯಲ್ಲಿ ಅರಿವೆಯ ಗಂಟು. ಹತ್ತು ದಿನದಲ್ಲಿ ಅವಳು ಒಮ್ಮೆಯೂ ಅತ್ತಿಲ್ಲವೆಂದು ಅದನ್ನೂ ಒಂದು ದೂರು ಮಾಡಿದ್ದರು. ಗುರಣ್ಣ ಗಾಡಿ ಹೂಡಲು ಹೇಳಿದ. ನನಗೆ ತಡೆಯಲಾಗಲಿಲ್ಲ.

"ನಾ ನನ್ನ ಗಂಡನ ಹೆಸರ ಒಂದ ದಿನನೂ ಹೇಳಲಿಲ್ಲ" ಎಂದೆ. "ಆರು ವರ್ಷ ಸಂಸಾರ ಮಾಡೀನಿ, ಕನಸಿನ್ಯಾಗೂ ಹೇಳಲಿಲ್ಲ. ಆದ್ರೂ ಅವರು ಮೂವತ್ತಕ್ಕ ಹೋದ್ರು. ಅವರನ್ನ ಯಾರು ತಿಂದ್ರು? ಹೇಳ್ರಿ ನೋಡೂಣು."

"ಅದು ನಿಮ್ಮ ಹಣೀಬರಾ ಬಾಯಾರ" ಎಂದ ಗುರಣ್ಣ, ನನ್ನ ಮುಖ ಸಹ ನೋಡದೆ. "ಲೇ, ಎತ್ತು ತಗೊಂಡ ಬರ್ರಿ."

ಆಗ ಬೋರವ್ವ ಹೆಂಗಸರ ನಡುವಿನಿಂದ ಎದ್ದಳು. ಯಾರ ಎದುರೂ ಗಟ್ಟಿಯಾಗಿ ಮಾತಾಡಿದ ಹುಡುಗಿಯಲ್ಲ ಅವಳು. ಅಂಗಳದ ಮಧ್ಯಕ್ಕೆ ಬಂದು, ಗಂಡಸರು ನಿಂತ ಕಡೆ ಮುಖ ಮಾಡಿ ಕೂಗಿದಳು.

"ತುಕಾರಾಮಾ!"

ಮುದುಕಿಯೊಬ್ಬಳು "ಯವ್ವಾ, ಸುಮ್ನಿರ ಬೇ!" ಎಂದು ಅವಳ ಸೆರಗು ಜಗ್ಗಿದಳು. ಗೋಡೆಗೆ ಆತು ಕೋಲು ಊರಿ ನಿಂತಿದ್ದ ತುಕಾರಾಮ ಒಂದು ಗಳಿಗೆ ಹೆಂಡತಿಯನ್ನೇ ನೋಡಿದ. ಆಮೇಲೆ, "ಓ" ಎಂದ.

"ತುಕಾರಾಮಾ!"

"ಓ."

"ತುಕಾರಾಮಾ!"

"ಓ, ಇಲ್ಲೇ ಅದೀನಿ."

"ಮೂರ ಸಲ ಕರದೇನಿ" ಎಂದಳು ಬೋರವ್ವ, ಗುರಣ್ಣನ ಕಡೆ ತಿರುಗಿ. "ನಾಳೆ ಬಬಲೇಶ್ವರಕ್ಕ ಬಂದು ನೋಡ್ರಿ, ಅದಾನೋ ಸತ್ತಾನೋ. ನಾಡಿದ್ದೂ ಬಂದು ನೋಡ್ರಿ. ಆಕಿ ಆ ದಿನಾ ಬಾಯಿ ತಗೀಲಿಲ್ಲಂದ್ರ ಇಂವನ್ನ ಪಂಚರು ಕೂಡಿ ಎಂದೋ ಕೊಂದಿದ್ರು, ನನ್ನೂ ಕೊಂದಿದ್ರು. ಹೆಸರ ಹೇಳಿ ಉಳಿಸಿದಾಕಿ ಆಕಿ. ಆಕೀನ್ನ ಗಾಡಿ ಹತ್ತಿಸ್ತೀರಿ?"

ಎತ್ತು ತಂದವನು ಹಗ್ಗ ಹಿಡಿದು ಹಾಗೆಯೇ ನಿಂತ. ಹಟ್ಟಿಯ ಬಾಗಿಲಲ್ಲಿ ರಾಚವ್ವನ ಕೈಯಿಂದ ಗಂಟು ಜಾರಿ ಬಿತ್ತು. ಅವಳು ತಲೆ ಎತ್ತಿ, ಕುರಿ ಕಾಯುವಾಗ ದೂರದವರನ್ನು ಕರೆಯುತ್ತಿದ್ದ ಆ ದನಿಯಲ್ಲಿ, ಬಾಯಿ ತೆರೆದು ಕರೆದಳು.

"ಗೊಲ್ಲಾಳಪ್ಪಾ!"

ಅವಳನ್ನು ತಡೆಯುವ ಧೈರ್ಯ ಅಂಗಳದಲ್ಲಿ ಒಬ್ಬರಿಗೂ ಬರಲಿಲ್ಲ. ಅವಳು ಉತ್ತರ ಬರುತ್ತದೇನೋ ಎಂಬಂತೆ ಒಂದಿಷ್ಟು ಹೊತ್ತು ಕಿವಿಗೊಟ್ಟು ನಿಂತಳು. ಮತ್ತೆ ಕರೆದಳು. ಮೂರನೆಯ ಸಲ ಕರೆಯುವಾಗ ದನಿ ಒಡೆದು, ಹತ್ತು ದಿನ ಬಾರದ ಅಳು ಬಂತು. ಹೊಸ್ತಿಲಲ್ಲಿ ಕೂತಿದ್ದ ಮಾಳವ್ವ ಗೋಡೆ ಹಿಡಿದು ಎದ್ದು, ಗುರಣ್ಣನನ್ನು ದಾಟಿ ಹಟ್ಟಿಯ ತನಕ ನಡೆದು ಹೋಗಿ, ಸೊಸೆಯ ರಟ್ಟೆ ಹಿಡಿದಳು.

"ಒಳಗ ಬಾ" ಎಂದಳು.